ಕಾಲುವೆ ನೀರು ಬರೋ ಮುಂಚೆ, ನೀರು ಹೋಗೋ ದಾರಿ ನೋಡ್ರಿ



ಹೋದ ವಾರ ಗಜೇಂದ್ರಗಡದ ಕಡೆಯಿಂದ ಹಿರಿಯರೊಬ್ಬರು ಫೋನ್ ಮಾಡಿದ್ದರು. "ತಮ್ಮಾ, ನಮ್ಮ ಕಡೆನೂ ಏತ ನೀರಾವರಿ ಬರ್ತದ ಅಂತ ಮಾತು ನಡದದ. ನೀರು ಬಂದ್ರ ಜೋಳ-ಕಡ್ಲಿ ಬಿಟ್ಟು ಕಬ್ಬು ಹಚ್ಚಿಬಿಡ್ಲ್ಯಾ? ಹತ್ತೂ ಎಕರೆ ಸಪಾಟ ಮಾಡಾಕ ಈಗಿಂದನ ಸಾಲ ಎತ್ತಬೇಕಂತೀನಿ" ಅಂದರು. ಹೌದು ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. "ಕಾಕಾ, ಒಂದು ವಾರ ತಡೀರಿ, ಬರದು ಹೇಳ್ತೀನಿ" ಅಂದೆ. ಈ ಲೇಖನ ಅವರಿಗೂ, ಅವರಂಗ ಯೋಚನೆ ಮಾಡ್ತಿರೋ ಎಲ್ಲರಿಗೂ.

ಸರ್ಕಾರ ಮುಂದೆ ನಿಂತು ಕಟ್ಟಿಕೊಟ್ಟ ಬೇಸಾಯ ಹೇಗಿರ್ತದ ಅಂತ ತಿಳಿಯಲಿಕ್ಕೆ ನಾವು ದೂರ ಹೋಗಬೇಕಿಲ್ಲ. ಗಜೇಂದ್ರಗಡದಿಂದ ರೋಣ ದಾಟಿ ನರಗುಂದಕ್ಕೆ ಬಂದರೆ ಸಾಕು. ಗಜೇಂದ್ರಗಡ ಮಳಿ ನಂಬಿದ ಸೀಮೆ. ರೋಣದ ಬಹಳಷ್ಟು ಹೊಲಗಳು ಕಾಲುವೆಯ ಬಾಲದಲ್ಲಿವೆ. ನರಗುಂದ ಕಾಲುವೆ ನೀರು ಕಂಡ ಊರು.

ಮಲಪ್ರಭೆ ಬಂದಾಗ

ಸವದತ್ತಿ ತಾಲ್ಲೂಕಿನ ಮುನವಳ್ಳಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದು, 1970ರ ದಶಕದಲ್ಲಿ ಕಾಲುವೆಗಳಿಗೆ ನೀರು ಬಿಟ್ಟರು. ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಅಷ್ಟರ ತನಕ ನಮ್ಮ ಎರಿ ಹೊಲಗಳ ಲೆಕ್ಕ ಸರಳ ಇತ್ತು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳಿ, ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡ್ಲಿ, ಗೋಧಿ, ಕುಸುಬಿ. ಹಿಂಗಾರಿ ಬೆಳೆ ಎರಿ ಭೂಮಿ ಹಿಡಿದಿಟ್ಟುಕೊಂಡ ತೇವದಾಗ ಮತ್ತು ಇಬ್ಬನಿಯಾಗ ಬರ್ತಿತ್ತು.

ಕಾಲುವೆ ಬಂದ ಹೊತ್ತಿಗೇ ಹೈಬ್ರಿಡ್ ಹತ್ತಿಯೂ ಬಂತು. ವರಲಕ್ಷ್ಮಿ ತಳಿ 1972ರದ್ದು. ನಮ್ಮ ಅಜ್ಜ ಹೇಳ್ತಿದ್ದ, ಮೊದಲ ಎರಡು-ಮೂರು ವರ್ಷ ಹತ್ತಿ ನೋಡಿ ಊರಿಗೆ ಊರೇ ಕುಣೀತು ಅಂತ. ಹತ್ತಿಗೆ ಗೊಬ್ಬರ ಬೇಕು, ಎಣ್ಣಿ ಹೊಡಿಬೇಕು, ಆಳು ಬೇಕು. ಎಲ್ಲಕ್ಕೂ ಸಾಲ. ಮುಂದೆ ದರ ಬಿತ್ತು, ಹುಳ ಹೆಚ್ಚಾತು, ಸಾಲ ಮಾತ್ರ ನಿಂತಲ್ಲೇ ನಿಂತಿತು.

ಕರ ಮೊದಲು, ಫಲ ಆಮೇಲೆ

ನೀರು ಬಂದರೆ ಜಮೀನಿನ ಬೆಲೆ ಏರ್ತದ, ಆ ಏರಿಕೆಯಲ್ಲಿ ಒಂದು ಪಾಲು ಸರ್ಕಾರಕ್ಕೆ ಕೊಡಬೇಕು ಅನ್ನೋದು ಅಭಿವೃದ್ಧಿ ಕರದ ಹಿಂದಿನ ಲೆಕ್ಕ. ಕಾಗದದ ಮೇಲೆ ಅದು ತಪ್ಪಿಲ್ಲ. ಹೊಲದಾಗ ನೋಡಿದರೆ ಬೇರೆ. ಕೆಲವರ ಹೊಲಕ್ಕೆ ನೀರು ಮುಟ್ಟೇ ಇರಲಿಲ್ಲ, ಕೆಲವರದು ಜವಳು ಹಿಡಿದಿತ್ತು, ಹತ್ತಿ ದರ ನೆಲ ಕಚ್ಚಿತ್ತು. ಅದೇ ಹೊತ್ತಿಗೆ ನೀರಿನ ಕರದ ಜೊತೆ ಈ ಕರದ ನೋಟೀಸೂ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದದ ಕಡೆ ಹೋರಾಟ ಸಿಡಿದು ಗೋಲಿಬಾರ್ ಆಗಿ ರೈತರು ಜೀವ ಕಳಕೊಂಡರು. ಇವತ್ತಿಗೂ ಆ ದಿನ ನರಗುಂದದಲ್ಲಿ ರೈತ ಹುತಾತ್ಮ ದಿನ. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದೂ ಅದೇ ವರ್ಷ.

ಆ ಹೋರಾಟವನ್ನ ನಾವು ರಾಜಕೀಯದ ಕಥೆಯಾಗಿ ನೆನೆಸ್ತೀವಿ. ನಾನು ಅದನ್ನ ಬೇಸಾಯದ ಪಾಠ ಅಂತಾನೂ ಓದ್ತೀನಿ. ಮಳಿ ಬೇಸಾಯದ ಹೊಲ ನೀರಾವರಿ ಹೊಲ ಆಗಲಿಕ್ಕೆ ವರ್ಷಗಳು ಬೇಕು. ಸಾಲಕ್ಕೆ ಆ ತಾಳ್ಮೆ ಇರೋದಿಲ್ಲ.

ನೆಲದೊಳಗ ಏನಾತು?

ಎರಿ ಮಣ್ಣಿನಲ್ಲಿ ಜೇಡಿ ಅಂಶ ಹೆಚ್ಚು. ನೀರು ಕುಡೀತದ, ಕೆಳಗೆ ಬೇಗ ಬಿಟ್ಟುಕೊಡೋದಿಲ್ಲ. ಮ್ಯಾಲಿಂದ ವರ್ಷ ವರ್ಷ ನೀರು ಹಾಯಿಸಿದರೆ, ಬಸಿದು ಹೋಗಲಿಕ್ಕೆ ದಾರಿ ಇಲ್ಲದಿದ್ದರೆ, ನೆಲದಡಿ ನೀರಿನ ಮಟ್ಟ ಏರ್ತಾ ಬರ್ತದ. ಅದು ಐದಾರು ಅಡಿಯ ಒಳಗೆ ಬಂತಂದರೆ, ದೀಪದ ಬತ್ತಿ ಎಣ್ಣಿ ಎಳೆದಂಗ ಮಣ್ಣು ನೀರನ್ನ ಮ್ಯಾಲೆ ಎಳೀತದ. ನೀರು ಬಿಸಿಲಿಗೆ ಆರ್ತದ, ಅದರೊಳಗಿನ ಉಪ್ಪು ಮ್ಯಾಲೆ ಉಳೀತದ. ಅದೇ ಸವಳು.

ಇದಕ್ಕೆ ನರಗುಂದ ಊರೊಳಗೇ ಒಂದು ಸಾಕ್ಷಿ ಅದ. ಹಿಂದಿನವರು ಮನಿ ಅಂಗಳದಾಗ, ಓಣ್ಯಾಗ ಹಗೇವು ತೋಡಿ ಜೋಳ ತುಂಬ್ತಿದ್ದರು. ನೆಲ ಒಣಗಿದ್ದಕ್ಕೇ ಕಾಳು ವರ್ಷಗಟ್ಟಲೆ ಕೆಡದಂಗ ಇರ್ತಿತ್ತು. ಈಗ ಕೆಲ ವರ್ಷಗಳಿಂದ ನರಗುಂದದ ಹಳೇ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂಗ ಕುಸೀತಿದೆ. ಅಂತರ್ಜಲ ಏರಿದ್ದು, ಅದರ ಜೊತೆ ಮರೆತುಹೋದ ಹಗೇವುಗಳು ಕಾರಣ ಅಂತ ಹೇಳ್ತಾರೆ. ಒಂದು ಕಾಲಕ್ಕೆ ಕಾಳು ಇಡುವಷ್ಟು ಒಣಗಿದ್ದ ನೆಲ ಅದು, ವಿಚಾರ ಮಾಡ್ರಿ.

ರೋಣದ ಬಾಲದ ಹಳ್ಳಿಗಳ ಕಥೆ ಉಲ್ಟಾ. ಅಲ್ಲಿ ನೀರೇ ಸರಿಯಾಗಿ ಮುಟ್ಟೋದಿಲ್ಲ. ಜಲಾಶಯ ತುಂಬದ ವರ್ಷಗಳು ಬಹಳ. 2015ರಲ್ಲಿ ನರಗುಂದದಲ್ಲಿ ಮಹದಾಯಿ-ಕಳಸಾ ಬಂಡೂರಿ ಧರಣಿ ಕೂತದ್ದು ಅದಕ್ಕೇ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಒಂದೇ ಕಾಲುವೆ, ತಲೆಯಲ್ಲಿ ಜವಳು, ಬಾಲದಲ್ಲಿ ಒಣ.

ನನ್ನ ಲಿಂಬಿ ಗಿಡ

ಈಗ ನನ್ನ ತಪ್ಪು ಹೇಳ್ತೀನಿ. ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದು, ನರಗುಂದ ತಾಲ್ಲೂಕಿನ ನಮ್ಮ ತಗ್ಗಿನ ಎರಡು ಎಕರೆಗೆ ಲಿಂಬಿ ಹಚ್ಚಿದೆ. ಸಾವಯವ ಮಾಡ್ತೀನಿ, ಸಗಣಿ ಗೊಬ್ಬರ, ಜೀವಾಮೃತ ಹಾಕಿದರೆ ಭೂಮಿ ತಾನೇ ಸುಧಾರಿಸ್ತದ ಅನ್ನೋ ಹುಂಬತನ. ಮಣ್ಣು ಪರೀಕ್ಷೆ ಮಾಡಿಸಲಿಲ್ಲ. ಎರಡನೇ ಬ್ಯಾಸಗಿಗೆ ಎಲಿ ಅಂಚು ಸುಟ್ಟಂಗಾತು, ಮೂರನೇ ವರ್ಷಕ್ಕೆ ಮುಕ್ಕಾಲು ಗಿಡ ಹೋದವು. ಅಪ್ಪ ಒಂದು ಮಾತೂ ಬೈಯಲಿಲ್ಲ. "ಆ ಮೂಲ್ಯಾಗ ನಿಮ್ಮಜ್ಜ ಕಡ್ಲಿ ಬಿತ್ತೋದೂ ಬಿಟ್ಟಿದ್ದ" ಅಂದ, ಅಷ್ಟೇ. ಕೇಳಿದ್ದರೆ ಮೊದಲೇ ಹೇಳ್ತಿದ್ದ. ನಾ ಕೇಳಿರಲಿಲ್ಲ.

ಗುಂಡಿ ತೆಗೆದು ನೋಡಿದರೆ ನಾಲ್ಕು ಅಡಿಗೆ ನೀರು. ಬಸಿಗಾಲುವೆ ತೋಡಬೇಕು, ಆದರೆ ಹಳ್ಳ ಮುಟ್ಟಲಿಕ್ಕೆ ಕೆಳಗಿನ ಎರಡು ಹೊಲ ದಾಟಬೇಕು. ಕೆಳಗಿನ ಹೊಲದ ಕಾಕಾ, "ನಿನ್ನ ಉಪ್ಪು ನನ್ನ ಹೊಲಕ್ಯಾಕ?" ಅಂದರು. ಅವರ ಮಾತು ನ್ಯಾಯದ್ದೇ. ಒಂದು ವರ್ಷ ಮಾತುಕತೆಯಲ್ಲೇ ಹೋತು. ಕಡೀಗೆ ಮೂರು ಹೊಲದವರು ಕೂಡಿ ಜೆಸಿಬಿ ಖರ್ಚು ಹಂಚಿಕೊಂಡು, ಬದುವಿನ ಗುಂಟ ಹಳ್ಳದ ತನಕ ತೋಡಿದೆವು. ನಂತರ ಮಳಿಗಾಲದಾಗ ಮಡಿ ಕಟ್ಟಿ ನೀರು ನಿಲ್ಲಿಸಿ ಉಪ್ಪು ತೊಳೆದೆ, ಡಯಾಂಚ ಬಿತ್ತಿ ಹೂ ಬರೋ ಮುಂಚೆ ಮುರಿದು ಹೂಳಿದೆ. ನಾಲ್ಕು ವರ್ಷ ಆತು. ಈಗ ಹತ್ತಿ, ಗೋಧಿ ಬರ್ತಾವ. ಒಂದು ಮೂಲಿ ಇನ್ನೂ ಬೆಳ್ಳಗೇ ಅದ.

ಮುಂಡಗೋಡದ ಇನ್ನೊಂದು ದಾರಿ

ಒಬ್ಬೊಬ್ಬರೇ ಮಾಡದ ಕೆಲಸ ಕೂಡಿ ಆಗ್ತದ ಅನ್ನಲಿಕ್ಕೆ ಇನ್ನೊಂದು ಉದಾಹರಣೆ ಹುಬ್ಬಳ್ಳಿ ಆಚೆ, ಮುಂಡಗೋಡದಲ್ಲಿ ಅದ. 1966ರಲ್ಲಿ ಆಗಿನ ಮೈಸೂರು ಸರ್ಕಾರ ಅಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು 4,000 ಎಕರೆ ಅರಣ್ಯ ಜಾಗ ಕೊಟ್ಟಿತು. ಬೈಲಕುಪ್ಪೆಯಲ್ಲಿ ಅದಕ್ಕೂ ಮುಂಚೆ, 1960ರಲ್ಲೇ ಶುರುವಾಗಿತ್ತು. ಚಳಿ ಸೀಮೆಯಿಂದ ಬಂದವರು ಕಾಡು ಕಡಿದು ಗೋವಿನಜೋಳ ಬಿತ್ತೋದು ಕಲಿತರು. ಅವರಿಗೆ ಸಿಕ್ಕಿದ್ದು ಜಮೀನಷ್ಟೇ ಅಲ್ಲ. ಸಹಕಾರ ಸಂಘ ಇತ್ತು, ಅದರ ಟ್ರ್ಯಾಕ್ಟರ್ ಇತ್ತು. ಅವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಆದರೂ ಬೇಸಾಯ ಒಂದರಿಂದಲೇ ಮನಿ ನಡೀಲಿಲ್ಲ. ಚಳಿಗಾಲದಾಗ ಊರೂರಿಗೆ ಬಂದು ಸ್ವೆಟರ್ ಮಾರೋದನ್ನ ನೀವೂ ನೋಡೀರಿ.

ನಮಗೇನು ಇದು ಹೊಸದಲ್ಲ. 1905ರಲ್ಲೇ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು.

ಹಂಗಾದ್ರ ಏನು ಮಾಡಬೇಕು?

1. ನೀರು ಬರೋ ಮುಂಚೆ ಹೊಲದ ತಗ್ಗು ಗುರುತಿಸ್ರಿ. ದೊಡ್ಡ ಮಳಿ ಆದ ಮರುದಿನ ಹೋಗಿ ನೀರು ಎಲ್ಲಿ ನಿಂತದ, ಯಾವ ಕಡೆ ಹರೀತದ ನೋಡ್ರಿ. ಹಳ್ಳದ ತನಕ ದಾರಿ ಯಾರ ಹೊಲದಾಗ ಹಾಯ್ತದ, ಅವರ ಜೊತೆ ಈಗಲೇ ಮಾತಾಡ್ರಿ.

2. ಮಣ್ಣು ಪರೀಕ್ಷೆ ಮಾಡಿಸ್ರಿ. ಮ್ಯಾಲಿನ ಒಂದು ಅಡಿ, ಎರಡನೇ ಅಡಿ, ಮೂರನೇ ಅಡಿ ಮಣ್ಣು ಬೇರೆ ಬೇರೆ ಚೀಲದಾಗ ಕೊಡ್ರಿ. ರಸಸಾರ ಮತ್ತು ಉಪ್ಪಿನಂಶ ಎರಡೂ ಕೇಳ್ರಿ. ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಅದ. ನವಲಗುಂದ ತಾಲ್ಲೂಕಿನ ಬೆಳವಟಗಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ನೀರು ನಿರ್ವಹಣಾ ಕೇಂದ್ರ ಇದೆ, ಎರಿ ಭೂಮಿಗೆ ನೀರು ಹೆಂಗ ಕೊಡಬೇಕು ಅನ್ನೋದೇ ಅವರ ಕೆಲಸ.

3. ಜಿಪ್ಸಂ ಎಲ್ಲದಕ್ಕೂ ಮದ್ದಲ್ಲ. ಬಿಳಿ ಉಪ್ಪಿನ ಸವಳು ಆದರೆ ಬಸಿಯೋದು, ತೊಳೆಯೋದೇ ದಾರಿ. ರಸಸಾರ 8.5 ದಾಟಿ, ಮಣ್ಣು ಗಟ್ಟಿಯಾಗಿ ನೀರು ಹಿಂಗದಿದ್ದರೆ ಮಾತ್ರ ಪರೀಕ್ಷೆ ಹೇಳಿದಷ್ಟು ಜಿಪ್ಸಂ. ಬಸಿಗಾಲುವೆ ಎರಡಕ್ಕೂ ಬೇಕು.

4. ಉಪ್ಪು ತಡೆಯದ ಬೆಳೆ ತಿಳಕೋರಿ. ಹೆಸರು, ಕಡ್ಲಿ, ಉಳ್ಳಾಗಡ್ಡಿ, ಲಿಂಬಿ ಬೇಗ ಸೋಲ್ತಾವ. ನಮ್ಮ ಸೀಮೆಯ ರೊಕ್ಕದ ಬೆಳೆಗಳು ಇವೇ, ಅದಕ್ಕೇ ಅಂಜಿಕಿ. ಹತ್ತಿ, ಗೋಧಿ, ಕುಸುಬಿ ಸ್ವಲ್ಪ ತಡೀತಾವ.

5. ಹತ್ತು ಎಕರೆ ಇದ್ದರೆ ಮೊದಲು ಎರಡು ಎಕರೆಗೆ ನೀರು ಹಚ್ಚ್ರಿ. ಕೆಂಪು ಮಸಾರಿಯಾದರೆ ಹನಿ ನೀರಾವರಿ ಒಳ್ಳೇದು. ಉಳಿದ ಹೊಲದಾಗ ಚೌಕಮಡಿ, ಕೃಷಿ ಹೊಂಡ ಮಾಡಿ ಮಳಿ ಬೇಸಾಯ ನಡೆಸ್ರಿ.

6. ಹೊಲದ ತಗ್ಗಿನ ಮೂಲ್ಯಾಗ ಆರು ಅಡಿ ಗುಂಡಿ ತೋಡಿ, ಸುತ್ತ ಮುಳ್ಳಿನ ಬೇಲಿ ಹಾಕಿ ಇಟ್ಟುಕೊಳ್ರಿ. ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡ್ರಿ. ಅದು ಏರ್ತಾ ಬಂದರೆ ನೀರು ಕಡಿಮೆ ಮಾಡೋ ಹೊತ್ತು ಬಂತು ಅಂತ.

ಕಾಕಾ, ನೀರು ಬ್ಯಾಡ ಅಂತ ನಾ ಹೇಳ್ತಿಲ್ಲ. ಬರಗಾಲ ಕಂಡವರು ನೀವು, ನೀರಿನ ಬೆಲೆ ನಿಮಗೆ ನಾ ಹೇಳಬೇಕಿಲ್ಲ. ಬರಲಿ. ಆದರೆ ಬರದ ನೀರಿನ ಮ್ಯಾಲೆ ಈಗಲೇ ಸಾಲ ಎತ್ತಬ್ಯಾಡ್ರಿ. ಬರೋ ವಾರ ನಾನೇ ಗಜೇಂದ್ರಗಡಕ್ಕೆ ಬರ್ತೀನಿ, ಸಲಿಕಿ ತಯಾರ ಇಟ್ಟಿರ್ರಿ. ಮೊದಲು ನಿಮ್ಮ ತಗ್ಗಿನ ಮೂಲ್ಯಾಗ ಆ ಗುಂಡಿ ತೋಡೋಣು.