ಎಣ್ಣೆಯೂ ನೀರೂ ಬೆರೆತಾಗ

ಮೊಸರನ್ನು ಕಡೆದರೆ ಬೆಣ್ಣೆ ಬೇರೆಯಾಗುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಭೂಗರ್ಭದಿಂದ ಕಚ್ಚಾ ಎಣ್ಣೆಯನ್ನು ತೆಗೆಯುವಲ್ಲಿ ಕಡೆತದ ಫಲ ಇದಕ್ಕೆ ವಿರುದ್ಧವಾದುದು. ಅಲ್ಲಿ ಬೇರೆಬೇರೆಯಾಗಿರಬೇಕಾದ ಎಣ್ಣೆಯೂ ನೀರೂ ಬೆರೆತು ಮಂದವಾದ ಕಂದು ದ್ರವವಾಗುತ್ತವೆ. ಇದಕ್ಕೆ ಎಮಲ್ಷನ್ ಎಂದು ಹೆಸರು. ಇದು ಹೇಗೆ ಉಂಟಾಗುತ್ತದೆ, ಇದನ್ನು ಒಡೆಯುವ ಬಗೆ ಯಾವುದು ಎಂಬುದನ್ನು ವಿಚಾರಮಾಡೋಣ.

ಬಾವಿಯಿಂದ ಎಣ್ಣೆಯೊಡನೆ ಉಪ್ಪುನೀರೂ ಮೇಲೇರುತ್ತದೆ. ಪಂಪು, ಕವಾಟಗಳ ಇಕ್ಕಟ್ಟಿನಲ್ಲಿ ರಭಸದಿಂದ ನುಗ್ಗುವಾಗ ನೀರು ನುಣ್ಣನೆಯ ಹನಿಗಳಾಗಿ ಎಣ್ಣೆಯಲ್ಲಿ ಚೆದುರುತ್ತದೆ. ಮೇಲ್ಮೈಯನ್ನು ಕುಗ್ಗಿಸಿಕೊಳ್ಳುವುದು ದ್ರವಗಳ ಸ್ವಭಾವ; ಆದ್ದರಿಂದ ಎರಡು ಹನಿಗಳು ಸಂಧಿಸಿದರೆ ಒಂದಾಗಬೇಕು. ಹಾಗಾಗದಿರಲು ಕಾರಣವೇನು? ಕಚ್ಚಾ ಎಣ್ಣೆಯಲ್ಲಿರುವ ಆಸ್ಫಾಲ್ಟೀನುಗಳೆಂಬ ಭಾರವಾದ ಪದಾರ್ಥಗಳು ಪ್ರತಿಯೊಂದು ಹನಿಯ ಸುತ್ತಲೂ ಬಿಗಿಯಾದ ಪೊರೆಯನ್ನು ಕಟ್ಟುತ್ತವೆ. ಹನಿಗಳು ಒಂದನ್ನೊಂದು ತಾಕಿದರೂ ಕೂಡಲಾರವು.

ಕಾದಿದ್ದರೆ ನೀರು ತಾನಾಗಿ ತಳಕ್ಕಿಳಿಯದೆ? ಸ್ಟೋಕ್ಸನ ನಿಯಮದಂತೆ ಹನಿ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ನೀರಿನ 20ರಷ್ಟು ಸ್ನಿಗ್ಧತೆಯೂ 0.9 ಸಾಪೇಕ್ಷ ಸಾಂದ್ರತೆಯೂ ಉಳ್ಳ ಎಣ್ಣೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ 0.01 ಮಿಲಿಮೀಟರು ವ್ಯಾಸದ ಹನಿ ದಿನವೊಂದಕ್ಕೆ ಇಳಿಯುವುದು ಸುಮಾರು 2.3 ಸೆಂಟಿಮೀಟರು ಮಾತ್ರ! ವ್ಯಾಸ 10 ಮಡಿಯಾದರೆ ವೇಗ 100 ಮಡಿಯಾಗುತ್ತದೆ. ಹನಿಗಳನ್ನು ಕೂಡಿಸಿ ದೊಡ್ಡದುಮಾಡುವುದೇ ಉಪಾಯವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ಮೂರು ಸಾಧನಗಳುಂಟು. ಕಾಯಿಸಿದರೆ ಎಣ್ಣೆಯ ಸ್ನಿಗ್ಧತೆ ತಗ್ಗುತ್ತದೆ. ತಕ್ಕ ರಾಸಾಯನಿಕವನ್ನು ಸೇರಿಸಿದರೆ ಅದು ಆಸ್ಫಾಲ್ಟೀನುಗಳನ್ನು ಸರಿಸಿ ಪೊರೆಯನ್ನು ದುರ್ಬಲಗೊಳಿಸುತ್ತದೆ. ಮೂರನೆಯದು ವಿದ್ಯುತ್ತು. ವಿದ್ಯುತ್ ಕ್ಷೇತ್ರದಲ್ಲಿ ಹನಿಯ ಒಂದು ತುದಿಯಲ್ಲಿ ಧನ, ಇನ್ನೊಂದರಲ್ಲಿ ಋಣ ವಿದ್ಯುದಂಶಗಳು ನೆರೆಯುತ್ತವೆ. ನೆರೆಯ ಹನಿಗಳ ವಿರುದ್ಧ ತುದಿಗಳು ಪರಸ್ಪರ ಸೆಳೆದು ಒಂದಾಗುತ್ತವೆ. ಅಮೆರಿಕದ ಎಫ್. ಜಿ. ಕಾಟ್ರೆಲ್ ಈ ವಿಧಾನಕ್ಕೆ 1911ರಲ್ಲಿ ಪೇಟೆಂಟು ಪಡೆದನು. ಇಂದಿಗೂ ಶುದ್ಧೀಕರಣ ಕಾರ್ಖಾನೆಗಳಲ್ಲಿ ಇದು ಬಳಕೆಯಲ್ಲಿದೆ.

ಇಷ್ಟೊಂದು ಶ್ರಮವೇಕೆ? ಎಣ್ಣೆಯಲ್ಲಿ ಉಳಿದ ಉಪ್ಪುನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ ಕ್ಲೋರೈಡುಗಳು ಕಾದಾಗ ಹೈಡ್ರೋಕ್ಲೋರಿಕ್ ಆಮ್ಲವನ್ನು ಹೊರಗೆಡಹುತ್ತವೆ. ಅದು ಉಕ್ಕಿನ ಕೊಳವೆಗಳನ್ನು ತಿಂದುಹಾಕುತ್ತದೆ. ಸವೆದ ಕೊಳವೆ ಒಡೆದರೆ ಬೆಂಕಿಯ ಅಪಾಯ ತಪ್ಪಿದ್ದಲ್ಲ.

ಈ ಉಪ್ಪನ್ನು ತೊಳೆಯಲು ಕಾರ್ಖಾನೆಯಲ್ಲಿ ಎಣ್ಣೆಗೆ ಮತ್ತೆ ಸಿಹಿನೀರನ್ನೇ ಬೆರೆಸುತ್ತಾರೆ! ಕಡೆತ ಸಾಲದಾದರೆ ಸಿಹಿನೀರು ಉಪ್ಪನ್ನು ಮುಟ್ಟುವುದಿಲ್ಲ. ಅತಿಯಾದರೆ ಒಡೆಯಲಾಗದ ಹೊಸ ಎಮಲ್ಷನ್ ಹುಟ್ಟುತ್ತದೆ. ಬೆಣ್ಣೆ ತೆಗೆಯುವವರಿಗೆ ಬೇಕಾದ ಹದವೇ ಇಲ್ಲಿನ ಇಂಜಿನಿಯರಿಗೂ ಬೇಕು.