ಹಿಮನದಿಯ ಮೇಲೊಂದು ಬಾಣಂತನ

ಬೆಟ್ಟದ ತುದಿ ಸೂರ್ಯನಿಗೆ ಹತ್ತಿರ ತಾನೆ, ಅಲ್ಲಿ ಸೆಕೆ ಹೆಚ್ಚಬೇಕಲ್ಲವೆ, ಉಷ್ಣವಲಯದಲ್ಲಿ ಹಿಮ ನಿಲ್ಲುವುದಾದರೂ ಹೇಗೆ ಎಂದು ಹೈಸ್ಕೂಲು ಓದುವ ಹುಡುಗಿಯೊಬ್ಬಳು ಕೇಳಿದ್ದಾಳೆ. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ಆಚೆ. ಅದರಲ್ಲಿ ಐದಾರು ಕಿಲೋಮೀಟರ್ ಯಾವ ಲೆಕ್ಕ? ಬಿಸಿಲು ಮೊದಲು ಕಾಯಿಸುವುದು ನೆಲವನ್ನು, ನೆಲ ಕಾಯಿಸುವುದು ಗಾಳಿಯನ್ನು. ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿಯಂತೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಡುಮಧ್ಯಾಹ್ನ ಕತ್ತು ಸುಡುತ್ತಿದ್ದಾಗಲೇ ಗಾಳಿಗೆ ಮೈ ನಡುಗಿದ್ದು ನನಗೆ ನೆನಪಿದೆ.

ಅದರ ಸುಮಾರು ಮೂರು ಪಟ್ಟು ಎತ್ತರ ದಕ್ಷಿಣ ಪೆರುವಿನ ಕೆಲ್‌ಕಾಯಾ ಹಿಮರಾಶಿಯದು: 5,670 ಮೀಟರ್. ಸಮಭಾಜಕದಿಂದ ಉತ್ತರಕ್ಕೆ ಚಿತ್ರದುರ್ಗ ಎಷ್ಟು ದೂರವೋ ದಕ್ಷಿಣಕ್ಕೆ ಇದೂ ಹೆಚ್ಚುಕಡಿಮೆ ಅಷ್ಟೇ ದೂರ, 14 ಡಿಗ್ರಿ. ಅಲ್ಪಾಕಾ ಮೇಯುವ ಹುಲ್ಲುಗಾವಲು, ಜೌಗು, ಬರೀ ಕಲ್ಲು ಇವನ್ನೆಲ್ಲ ದಾಟಿ ಏದುಸಿರು ಬಿಡುತ್ತ ಹತ್ತಿದವರಿಗೆ ಎದುರಾಗುವುದು ಮಂಜುಗಡ್ಡೆಯ ಗೋಡೆ. ಅದರ ಪೊಟರೆಯಲ್ಲಿ, ನಂಬುತ್ತೀರಾ, ಹುಲ್ಲಿನ ಗೂಡು!

ಗೂಡು ಗ್ಲೇಸಿಯರ್ ಫಿಂಚ್ ಎಂಬ ಹಕ್ಕಿಯದು. ಬೂದು ಮೈ, ಬಿಳಿ ಗಂಟಲು, ಗುಬ್ಬಚ್ಚಿಗಿಂತ ದೊಡ್ಡದು. ಹವಾಮಾನ ಅಳೆಯಲು ಕೆಲ್‌ಕಾಯಾಕ್ಕೆ ಹೋಗುತ್ತಿದ್ದ ವಿಜ್ಞಾನಿ ಡಗ್ಲಾಸ್ ಹಾರ್ಡಿ 2008ರಲ್ಲಿ ಈ ಗೂಡುಗಳ ವಿವರ ಪ್ರಕಟಿಸಿದರು. ಎಂಪರರ್ ಪೆಂಗ್ವಿನ್ ಕೂಡ ಮಂಜಿನ ಮೇಲೇ ಮರಿ ಮಾಡುತ್ತದೆ, ಆದರೆ ಅದು ಗೂಡು ಕಟ್ಟುವುದಿಲ್ಲ, ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಳ್ಳುತ್ತದೆ. 5,000 ಮೀಟರಿಗೂ ಮೇಲೆ, ಹಿಮನದಿಗೇ ಗೂಡು ಆನಿಸಿ ಬಾಣಂತನ ಮಾಡುವ ಧೈರ್ಯ ಈ ಹಕ್ಕಿಯದು.

ಪಕ್ಕದಲ್ಲೇ ಬಂಡೆಗಳಿದ್ದರೂ ಮಂಜೇ ಏಕೆ? ಮೊಟ್ಟೆ ಕದಿಯುವ ಪ್ರಾಣಿಗಳು ಜಾರುವ ಕಡಿದಾದ ಗೋಡೆ ಹತ್ತಲಾರವು ಎಂಬುದು ಒಂದು ಊಹೆ. ನನಗೆ ಹೆಚ್ಚು ಹಿಡಿಸುವುದು ಚಳಿಯ ಲೆಕ್ಕ. ಆ ಎತ್ತರದಲ್ಲಿ ನಿರ್ಮಲ ಆಕಾಶದ ಕೆಳಗೆ ಬಯಲಲ್ಲಿರುವ ಯಾವುದೇ ವಸ್ತು ರಾತ್ರಿಯಿಡೀ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತಲೇ ಇರುತ್ತದೆ, ಜತೆಗೆ ಗಾಳಿಯ ಹೊಡೆತ ಬೇರೆ. ಪೊಟರೆಯೊಳಗೆ ಗಾಳಿಯಿಲ್ಲ, ತಲೆಯ ಮೇಲೆ ಮಂಜಿನದೇ ಸೂರು. ಬಯಲಿನ ಚಳಿ ಸೊನ್ನೆಗಿಂತ ಬಹಳ ಕೆಳಗಿಳಿದ ರಾತ್ರಿಯಲ್ಲಿ ಸೊನ್ನೆಯ ಆಸುಪಾಸಿನ ಮಂಜೇ ಬೆಚ್ಚನೆಯ ಜಾಗ! ಅಡಿಯಿಂದ ಬರುವ ತಂಡಿಯನ್ನು ಹುಲ್ಲಿನ ದಪ್ಪ ಹಾಸು ತಡೆಯುತ್ತದೆ.

ಉಸಿರಾಟದಲ್ಲೂ ಹಕ್ಕಿ ನಮಗಿಂತ ಜಾಣ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಹೋದ ದಾರಿಯಲ್ಲೇ ಹಿಂದಿರುಗಬೇಕು, ಹಳತೂ ಹೊಸತೂ ಬೆರೆಯುತ್ತದೆ. ಹಕ್ಕಿಯಲ್ಲಿ ಗಾಳಿಚೀಲಗಳ ನೆರವಿನಿಂದ ಅದು ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಬಿಡುವಾಗಲೂ ಹೊಸ ಗಾಳಿ ಸಿಗುತ್ತದೆ. ಎತ್ತರದ ಯಾತ್ರೆಗೆ ಹೊರಟ ನಮ್ಮವರು ಮಾತ್ರ ಕರ್ಪೂರ ಕಟ್ಟಿಕೊಂಡು ಹೋಗುತ್ತಾರೆ, ಮೂಸಿದರೆ ಆಮ್ಲಜನಕ ಹೆಚ್ಚುತ್ತದಂತೆ. ಶುದ್ಧ ಸುಳ್ಳು. ಗಾಳಿಯಲ್ಲಿ ಆಮ್ಲಜನಕದ ಪಾಲು ಮೇಲೆಯೂ ಶೇ. 21 ಇದ್ದೇ ಇದೆ. 5,500 ಮೀಟರಿನಲ್ಲಿ ಗಾಳಿಯ ಒತ್ತಡವೇ ಅರ್ಧಕ್ಕಿಳಿದಿರುತ್ತದೆ, ಅದನ್ನು ಕರ್ಪೂರ ಏರಿಸಲಾರದು. ತಲೆನೋವು, ವಾಂತಿ ಶುರುವಾದರೆ ಹತ್ತುವುದನ್ನು ನಿಲ್ಲಿಸಿ, ಹೆಚ್ಚಾದರೆ ತಡಮಾಡದೆ ಇಳಿಯಿರಿ. ಕರ್ಪೂರ ಮೂಸುತ್ತ ಕೂತರೆ ಜೀವಕ್ಕೇ ಅಪಾಯ.

ಜಗತ್ತಿನ ಉಷ್ಣವಲಯದ ಹಿಮನದಿಗಳಲ್ಲಿ ಸುಮಾರು ಶೇ. 70 ಪೆರುವಿನಲ್ಲೇ ಇವೆ, ಅವು ಕರಗುತ್ತಿವೆ. ಕೆಲ್‌ಕಾಯಾದ ಹಿಮ ಹಿಂದೆ ಸರಿದ ಜಾಗದಲ್ಲಿ ಹಿಮನದಿ ವಿಜ್ಞಾನಿ ಲಾನಿ ಥಾಂಪ್ಸನ್ ಅವರ ತಂಡಕ್ಕೆ ಜೌಗಿನ ಗಿಡಗಳು ಸಿಕ್ಕವು. ಕೆಲವು 5,000 ವರ್ಷಕ್ಕೂ ಹಳೆಯವು, ಅಷ್ಟು ಕಾಲವೂ ಮಂಜಿನಡಿ ಹುದುಗಿದ್ದವು. ಫಿಂಚ್ ಇಂದಿಗೂ ಮೇವು ಹುಡುಕುವುದು ಕೆಳಗಿನ ಅಂಥದೇ ಜೌಗಿನಲ್ಲಿ. ಮಂಜಿನ ಅಂಚು ಮೇಲೆ ಸರಿದಷ್ಟೂ ಮರಿಗಳಿಗೆ ತುತ್ತು ಹೊತ್ತು ತರುವ ದಾರಿ ಉದ್ದವಾಗುತ್ತಾ ಹೋಗುತ್ತದೆ.