ಫಿಲೋ ಹಾಳೆಯೊಳಗೆ ತಿಕೋಟಾದ ಮಣೂಕ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ದ್ರಾಕ್ಷಿ ಒಣಗಿಸುವ ಶೆಡ್‌ಗಳು ಸಾಮಾನ್ಯ ನೋಟ. ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಲ್ಲಿ ಅದ್ದಿದ ಗೊಂಚಲು ಸುಮಾರು 15 ದಿನ ನೆರಳಲ್ಲಿ ಒಣಗಿ ಮಣೂಕವಾಗುತ್ತದೆ. ಆ ಸಿಹಿಗೆ ಫಿಲೋ ಹಾಳೆ ಸೊಗಸಾದ ಜೊತೆ.

ಫಿಲೋ ಎಂದರೆ ಕಾಗದದಷ್ಟು ತೆಳುವಾದ ಮೈದಾ ಹಾಳೆ. ತುರ್ಕಿ, ಗ್ರೀಸ್‌ಗಳ ಬಕ್ಲಾವಾ ಆಗುವುದು ಇದರಿಂದಲೇ. ಚಿರೋಟಿಗೆ ಮಾಡುವಂತೆ ಸಾಟಿ (ತುಪ್ಪ-ಹಿಟ್ಟಿನ ಲೇಪ) ಹಚ್ಚಿ ಲಟ್ಟಿಸುವ ಶ್ರಮ ಇಲ್ಲಿಲ್ಲ.

ಫ್ರೀಜರ್‌ನ ಫಿಲೋ ಪ್ಯಾಕೆಟ್ಟನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಮೆತ್ತಗಾಗಿಸಬೇಕು. ಬಿಡಿಸಿದ ಹಾಳೆಗೆ ಒದ್ದೆ ಬಟ್ಟೆ ಮುಚ್ಚಲೇಬೇಕು. ಇಲ್ಲದಿದ್ದರೆ ನಿಮಿಷಗಳಲ್ಲೇ ಒಣಗಿ ಒಡೆಯುತ್ತದೆ, ವಿಜಯಪುರದ ಬೇಸಿಗೆಯಲ್ಲಂತೂ ಇನ್ನೂ ಬೇಗ. ಮೂರು ಹಾಳೆಗಳ ನಡುನಡುವೆ ತುಪ್ಪ ಸವರಿ, ಹೆಚ್ಚಿದ ಮಣೂಕ, ಒಣಕೊಬ್ಬರಿ, ಬೆಲ್ಲ, ಏಲಕ್ಕಿ ಹರಡಿ ಸುರುಳಿ ಸುತ್ತಿದರಾಯಿತು. 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 20-25 ನಿಮಿಷಕ್ಕೆ ಹೊಂಬಣ್ಣ ಬರುತ್ತದೆ.